ಆದೇಶವಾಕ್ಯದ ವ್ಯಾಕರಣ: ಡಿಬಗರ್ ತಂತ್ರಾಂಶದ ಆದೇಶಗಳ ಬಳಕೆಯೋಗ್ಯತೆಯನ್ನು ಕುರಿತು ಒಂದು ಭಾಷಿಕ ವಿಚಾರ

ಕನ್ನಡ ಮತ್ತು ಗಣಕ ಎಂಬ ವಿಷಯವನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ನಡೆದಿರುವ ಚರ್ಚೆಯು ಬಹುಮಟ್ಟಿಗೆ ಅಕ್ಷರವಿನ್ಯಾಸ, ಕೀಲಿಮಣೆ, ಸಂಕೇತೀಕರಣ ಹಾಗೂ ಪಾರಿಭಾಷಿಕ ಪದಗಳ ಸುತ್ತ ಸುಳಿದಿದೆ. ಪಾರಿಭಾಷಿಕ ಪದಗಳ ಚರ್ಚೆಯಾದರೂ ನಾಮಪದಗಳ ಚರ್ಚೆಯೇ. ಗಣಕವೋ ಕಂಪ್ಯೂಟರೋ, ತಂತ್ರಾಂಶವೋ ಸಾಫ್ಟ್‌ವೇರೋ ಎಂಬ ವಾದಗಳಿಗೆ ದೊರೆತ ಸ್ಥಳ ಕ್ರಿಯಾಪದಕ್ಕೆ ದೊರೆತಿಲ್ಲ. ಆದರೆ ಗಣಕದೊಡನೆ ಮನುಷ್ಯನು ಆಡುವ ಮಾತು ಮುಖ್ಯವಾಗಿ ಕ್ರಿಯಾಪದದ ಮಾತು. ಅದರಲ್ಲಿಯೂ ವಿಧ್ಯರ್ಥದ ಮಾತು. ‘ತೆರೆ’, ‘ಉಳಿಸು’, ‘ಅಳಿಸು’, ‘ನಿಲ್ಲಿಸು’ ಎಂಬಂತಹ ಆದೇಶಗಳಿಂದಲೇ ಆ ವ್ಯವಹಾರ ಸಾಗುತ್ತದೆ. ಈ ಆದೇಶಗಳು ಬಳಸುವವನಿಗೆ ಸುಲಭವಾಗಿ ಒದಗಬೇಕಾದರೆ ಹೇಗಿರಬೇಕು ಎಂಬ ಪ್ರಶ್ನೆ ತಂತ್ರಜ್ಞರದಷ್ಟೇ ಅಲ್ಲ, ವೈಯಾಕರಣರದೂ ಹೌದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನು ಡಿಬಗರ್ ಎಂಬ ಒಂದೇ ಬಗೆಯ ತಂತ್ರಾಂಶಕ್ಕೆ ಸೀಮಿತಗೊಳಿಸಿ ಪರಿಶೀಲಿಸಲಾಗಿದೆ.

ಡಿಬಗರ್ ಎಂದರೆ ಕ್ರಮವಿಧಿಯಲ್ಲಿ ಅಡಗಿರುವ ದೋಷವನ್ನು ಹುಡುಕಲು ನೆರವಾಗುವ ಸಾಧನ. ಓಡುತ್ತಿರುವ ಕ್ರಮವಿಧಿಯನ್ನು ಅದು ಬೇಕಾದ ಸಾಲಿನಲ್ಲಿ ತಡೆದು ನಿಲ್ಲಿಸುತ್ತದೆ. ಆ ಗಳಿಗೆಯಲ್ಲಿ ಯಾವ ಚರದಲ್ಲಿ ಯಾವ ಬೆಲೆಯಿದೆ ಎಂಬುದನ್ನು ತೋರಿಸುತ್ತದೆ. ಅಲ್ಲಿಂದ ಒಂದೊಂದೇ ಹೆಜ್ಜೆಯಾಗಿ ಮುನ್ನಡೆಸುತ್ತದೆ. ಚಿತ್ರ, ಗುಂಡಿಗಳಿಂದ ಕೂಡಿದ ಡಿಬಗರುಗಳು ಈಗ ಹೇರಳವಾಗಿದ್ದರೂ ಅವುಗಳಲ್ಲಿ ಅನೇಕವುಗಳ ಒಳಗೆ ಆದೇಶಸಾಲಿನ ಡಿಬಗರೇ ಕೆಲಸ ಮಾಡುತ್ತಿರುತ್ತದೆ. ರಿಚರ್ಡ್ ಸ್ಟಾಲ್ಮನ್ 1986ರಲ್ಲಿ ಬರೆದ ಜಿಡಿಬಿ ಇವುಗಳಲ್ಲಿ ಪ್ರಸಿದ್ಧವಾದುದು. ಲಿನಕ್ಸ್ ಬಳಸುವ ಪ್ರಯೋಗಾಲಯಗಳಲ್ಲಿ ಸಿ ಭಾಷೆ ಕಲಿಯುವ ವಿದ್ಯಾರ್ಥಿಗೆ ಎದುರಾಗುವುದೂ ಸಾಮಾನ್ಯವಾಗಿ ಇದೇ.

ಹೀಗೆ ಎದುರಾದ ಡಿಬಗರನ್ನು ವಿದ್ಯಾರ್ಥಿಗಳು ಬಹುಬೇಗ ಕೈಬಿಡುತ್ತಾರೆಂಬುದು ಪಾಠ ಹೇಳುವವರಿಗೆ ಹೊಸ ಸಂಗತಿಯಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವನು ಸಿ ಭಾಷೆಯ ಮೂವತ್ತೆರಡು ಕೀಲಿಪದಗಳನ್ನು ಹೇಗೋ ಕಲಿಯುತ್ತಾನೆ. ತಪ್ಪು ಹುಡುಕುವ ಹೊತ್ತು ಬಂದಾಗ ಮಾತ್ರ ಡಿಬಗರಿನ ಬದಲು ಕ್ರಮವಿಧಿಯ ನಡುನಡುವೆ ಮುದ್ರಿಸುವ ವಾಕ್ಯಗಳನ್ನು ತುರುಕಿ ಬೆಲೆಗಳನ್ನು ನೋಡಿಕೊಳ್ಳುತ್ತಾನೆ. ಸಣ್ಣ ಕ್ರಮವಿಧಿಗೆ ಇದು ಸಾಕು. ಸಾವಿರಾರು ಸಾಲಿನ ಕೆಲಸಕ್ಕೆ ಸಾಲದು. ದೋಷ ಹುಡುಕುವ ವಿದ್ಯೆ ಕೈಗೆ ಹತ್ತದವನು ಈ ವೃತ್ತಿಯಲ್ಲಿ ಇತರರನ್ನು ಅವಲಂಬಿಸಿಯೇ ಉಳಿಯಬೇಕಾಗುತ್ತದೆ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಕನ್ನಡವೂ ಸೇರಿದಂತೆ ಕೆಲವು ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧನೆಗೆ ಅವಕಾಶ ನೀಡಿದ ಮೇಲೆ ಈ ಪ್ರಶ್ನೆ ಕೇವಲ ಊಹೆಯ ವಿಷಯವಾಗಿ ಉಳಿದಿಲ್ಲ. ಪಠ್ಯಪುಸ್ತಕವನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಪ್ರಯೋಗಾಲಯದ ಪರದೆ ಕನ್ನಡವಾಗುವುದಿಲ್ಲ.

ಕೊಡಿಯಾಲ್‌ಬೈಲ್: ತಿದ್ದುವವರ ನೆಲೆ

ಈ ವಿಚಾರಕ್ಕೆ ಮಂಗಳೂರಿನ ಕೊಡಿಯಾಲ್‌ಬೈಲನ್ನು ನೆಲೆಯಾಗಿ ಇಟ್ಟುಕೊಳ್ಳಲು ಕಾರಣಗಳಿವೆ. ಸ್ಥಳನಾಮವೇ ಎರಡು ಭಾಷೆಗಳ ಕೂಡುವಿಕೆಯನ್ನು ಸೂಚಿಸುತ್ತದೆ. ಕೊಡಿಯಾಲ್ ಎಂಬುದು ಮಂಗಳೂರಿಗೆ ಕೊಂಕಣಿಯಲ್ಲಿರುವ ಹೆಸರು. ಬೈಲ್ ಎಂಬುದು ಕರಾವಳಿಯ ಕನ್ನಡ, ತುಳುಗಳಲ್ಲಿ ಗದ್ದೆಬಯಲನ್ನು ಹೇಳುವ ಮಾತು. 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜು ಈ ಪರಿಸರದ್ದು. ಯೇಸುಸಭೆಯವರು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಲ್ಲಿ ಸ್ಥಾಪಿಸಿದ ಮುದ್ರಣಾಲಯವು ಊರಿನ ಹೆಸರಿನಿಂದಲೇ ಕೊಡಿಯಾಲ್‌ಬೈಲ್ ಪ್ರೆಸ್ ಎಂದು ಹೆಸರಾಯಿತು. ಅನತಿದೂರದ ಬಲ್ಮಠದಲ್ಲಿ 1841ರಲ್ಲಿಯೇ ಬಾಸೆಲ್ ಮಿಶನ್ನಿನ ಮುದ್ರಣಾಲಯ ಆರಂಭವಾಗಿತ್ತು. ಕೇಶಿರಾಜನ ಶಬ್ದಮಣಿದರ್ಪಣವನ್ನು ಕಿಟೆಲ್ 1872ರಲ್ಲಿ ಸಂಪಾದಿಸಿ ಪ್ರಕಟಿಸಿದ್ದು ಮಂಗಳೂರಿನಿಂದ. ಅವನ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿಂದಲೇ.

ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಕನ್ನಡ ಪಂಡಿತರಾಗಿದ್ದ ಸೇಡಿಯಾಪು ಕೃಷ್ಣಭಟ್ಟರು ‘ಪಂಚಮೀ ವಿಭಕ್ತಿ’, ‘ಕನ್ನಡ ವರ್ಣಗಳು’ ಎಂಬ ಕೃತಿಗಳ ಮೂಲಕ ಕನ್ನಡದ ಪ್ರತ್ಯಯ, ಅಕ್ಷರಗಳ ಸ್ವರೂಪವನ್ನು ಮೂಲದಿಂದಲೇ ಪ್ರಶ್ನಿಸಿ ನೋಡಿದವರು. ಮಂಗಳೂರು ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ‘ಸೇಡಿಯಾಪು’ ಎಂದೇ ಹೆಸರಿಟ್ಟರು. ಅವರು ರೂಪಿಸಿದ ಕೀಲಿಮಣೆ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರದ ಅಂಗೀಕೃತ ವಿನ್ಯಾಸಕ್ಕೆ ಆಧಾರವಾಗಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಮೂಲಕ ನಾಡಿನಾದ್ಯಂತ ಹರಡಿತು. ಆ ವಿನ್ಯಾಸದ ಗುಣವನ್ನು ಇಲ್ಲಿ ನೆನೆಯುವುದು ಅಗತ್ಯ. ಬಳಸುವವನು ಅಕ್ಷರದ ಚಿತ್ರಗಳನ್ನು ನೆನಪಿಡಬೇಕಾಗಿಲ್ಲ. ವ್ಯಂಜನ, ಸ್ವರ, ಒತ್ತು ಎಂಬ ಅವನ ಭಾಷಾಜ್ಞಾನವನ್ನೇ ಅದು ಬಂಡವಾಳವಾಗಿ ಬಳಸಿಕೊಳ್ಳುತ್ತದೆ. ಬಳಕೆಯೋಗ್ಯತೆ ಎಂಬುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಮುದ್ರಣಾಲಯದ ಕರಡು ತಿದ್ದುವ ಪದ್ಧತಿಯು ಡಿಬಗರಿಗೆ ಹತ್ತಿರದ ಬಂಧು. ಕರಡಚ್ಚು ತಿದ್ದುವವನು ದೋಷವಿರುವ ಸ್ಥಳದಲ್ಲಿ ಒಂದು ಗುರುತು ಹಾಕಿ, ಅಂಚಿನಲ್ಲಿ ಮಾಡಬೇಕಾದ ಕೆಲಸದ ಚಿಹ್ನೆಯನ್ನು ಬರೆಯುತ್ತಾನೆ. ಸ್ಥಳ ಮೊದಲು, ಕ್ರಿಯೆ ಅನಂತರ. ಮುದ್ರಣಾಲಯಗಳಲ್ಲಿ ಬಳಕೆಯಾದ ಎರಡು ಲ್ಯಾಟಿನ್ ಸೂಚನೆಗಳಿವೆ. ಒಂದು ‘ಡೀಲೆ’, ಅಂದರೆ ‘ಅಳಿಸು’. ಇದು ಮಧ್ಯಮ ಪುರುಷದ ನೇರ ಆದೇಶ. ಇನ್ನೊಂದು ‘ಸ್ಟೆಟ್’, ಅಂದರೆ ‘ಇದ್ದಂತೆಯೇ ಇರಲಿ’. ಇದು ಪ್ರಥಮ ಪುರುಷದ ರೂಪ. ಮೊದಲನೆಯದು ಮೊಳೆ ಜೋಡಿಸುವವನಿಗೆ ಹೇಳಿದ ಮಾತು. ಎರಡನೆಯದನ್ನೂ ಅವನಿಗೇ ಹೇಳಿದ್ದಾದರೂ ಅದರ ಕರ್ತೃ ಅವನಲ್ಲ, ಪುಟದ ಮೇಲಿನ ಪದ. ಈ ಸೂಕ್ಷ್ಮ ಭೇದವೇ ಮುಂದಿನ ವಿವೇಚನೆಗೆ ಕೀಲಿಯಾಗಿದೆ.

ಯಾರಿಗೆ ಆದೇಶ, ಯಾರ ಕ್ರಿಯೆ?

ಸಾಮಾನ್ಯ ತಂತ್ರಾಂಶದಲ್ಲಿ ಇಬ್ಬರಿದ್ದಾರೆ: ಬಳಸುವವನು ಮತ್ತು ತಂತ್ರಾಂಶ. ಡಿಬಗರಿನ ಸಂದರ್ಭದಲ್ಲಿ ಮೂವರಿದ್ದಾರೆ: ಬಳಸುವವನು, ಡಿಬಗರ್, ಮತ್ತು ಪರೀಕ್ಷೆಗೊಳಗಾದ ಕ್ರಮವಿಧಿ. ಆದೇಶವನ್ನು ಕೇಳಿಸಿಕೊಳ್ಳುವುದು ಡಿಬಗರ್. ಆದರೆ ಅನೇಕ ಆದೇಶಗಳಲ್ಲಿ ಕ್ರಿಯೆ ನಡೆಸುವುದು ಕ್ರಮವಿಧಿ. ಜಿಡಿಬಿಯ ‘ಪ್ರಿಂಟ್’, ‘ಲಿಸ್ಟ್’, ‘ಡಿಲೀಟ್’ ಎಂಬವು ಡಿಬಗರೇ ಮಾಡುವ ಕೆಲಸಗಳು. ‘ರನ್’, ‘ಕಂಟಿನ್ಯೂ’, ‘ಸ್ಟೆಪ್’, ‘ಫಿನಿಶ್’, ‘ರಿಟರ್ನ್’ ಎಂಬವು ಕ್ರಮವಿಧಿ ಮಾಡುವ ಕೆಲಸಗಳು. ಇಂಗ್ಲಿಷಿನ ಧಾತುವಿನಲ್ಲಿ ಅಕರ್ಮಕ, ಸಕರ್ಮಕಗಳ ನಡುವೆ ಅನೇಕ ವೇಳೆ ರೂಪಭೇದವಿಲ್ಲದ ಕಾರಣ ಈ ವ್ಯತ್ಯಾಸ ಮರೆಯಾಗಿ ಕುಳಿತಿದೆ. ‘ರನ್’ ಎಂದರೆ ‘ಓಡು’ ಎಂದೂ ಹೌದು, ‘ಓಡಿಸು’ ಎಂದೂ ಹೌದು.

ಕನ್ನಡದಲ್ಲಿ ಹಾಗಲ್ಲ. ಓಡು–ಓಡಿಸು, ನಿಲ್ಲು–ನಿಲ್ಲಿಸು ಎಂಬಲ್ಲಿ ‘ಇಸು’ ಪ್ರತ್ಯಯವು ಪ್ರೇರಣೆಯನ್ನು ಸ್ಪಷ್ಟವಾಗಿ ಹೇಳುತ್ತದೆ. ಇದರ ಜೊತೆಗೆ ವಿಧ್ಯರ್ಥದ ಪ್ರಥಮ ಪುರುಷ ರೂಪವಾದ ‘ಓಡಲಿ’, ‘ನಿಲ್ಲಲಿ’, ‘ಮುಗಿಯಲಿ’ ಎಂಬುದೂ ಇದೆ. ಹೀಗಾಗಿ ಕನ್ನಡದಲ್ಲಿ ಆದೇಶವನ್ನು ಬರೆಯಹೊರಟ ಕೂಡಲೆ ಯಾರ ಕ್ರಿಯೆ ಎಂಬುದನ್ನು ನಿರ್ಧರಿಸಲೇಬೇಕಾಗುತ್ತದೆ. ಇದು ಅನುವಾದಕನಿಗೆ ತೊಡಕೆಂದು ಕಾಣಬಹುದು. ವಸ್ತುತಃ ಇದು ಲಾಭ.

ಲಾಭವೆಂಬುದಕ್ಕೆ ಒಂದು ನಿದರ್ಶನ ಸಾಕು. ಜಿಡಿಬಿಯಲ್ಲಿ ಒಂದು ಫಂಕ್ಷನ್ನಿನ ಒಳಗೆ ನಿಂತಿರುವಾಗ ಅಲ್ಲಿಂದ ಹೊರಬರಲು ಎರಡು ಆದೇಶಗಳಿವೆ. ‘ಫಿನಿಶ್’ ಎಂದರೆ ಆ ಫಂಕ್ಷನ್ನಿನ ಉಳಿದ ಸಾಲುಗಳೆಲ್ಲ ಕ್ರಮವಾಗಿ ನಡೆದು, ಅದು ತಾನಾಗಿ ಮುಗಿದ ಮೇಲೆ ಕ್ರಮವಿಧಿ ನಿಲ್ಲುತ್ತದೆ. ‘ರಿಟರ್ನ್’ ಎಂದರೆ ಉಳಿದ ಸಾಲುಗಳು ನಡೆಯುವುದೇ ಇಲ್ಲ. ಫಂಕ್ಷನ್ನನ್ನು ಅರ್ಧಕ್ಕೇ ಎಬ್ಬಿಸಿ ಹೊರಗೆ ಕಳುಹಿಸಿದಂತೆ. ಎರಡರ ಫಲವೂ ಬೇರೆ. ಎರಡನೆಯದರಿಂದ ಕ್ರಮವಿಧಿಯ ನಡೆಯೇ ಬದಲಾಗುತ್ತದೆ. ಆದರೆ ಸಿ ಭಾಷೆಯಲ್ಲಿ ‘ರಿಟರ್ನ್’ ಎಂಬ ಕೀಲಿಪದವನ್ನು ಆಗಲೇ ಕಲಿತಿರುವ ವಿದ್ಯಾರ್ಥಿಯು ಸಹಜವಾಗಿಯೇ ಅದನ್ನು ನಿರಪಾಯವೆಂದು ಭಾವಿಸುತ್ತಾನೆ. ಪೈಥಾನ್ ಭಾಷೆಯ ಪಿಡಿಬಿ ಎಂಬ ಡಿಬಗರಿನಿಂದ ಬಂದವನಿಗಂತೂ ಗೊಂದಲ ಇಮ್ಮಡಿ. ಅಲ್ಲಿ ‘ರಿಟರ್ನ್’ ಎಂದರೆ ಜಿಡಿಬಿಯ ‘ಫಿನಿಶ್’. ಹೆಸರು ಒಂದೇ, ಅರ್ಥ ಬೇರೆ. ತೌಲನಿಕ ಭಾಷಾವಿಜ್ಞಾನದಲ್ಲಿ ಸುಳ್ಳುಮಿತ್ರ ಪದಗಳೆಂದು ಹೇಳುವ ವರ್ಗಕ್ಕೆ ಇವು ಸೇರುತ್ತವೆ.

ಕನ್ನಡದಲ್ಲಿ ಮೊದಲನೆಯದನ್ನು ‘ಮುಗಿಯಲಿ’ ಎಂದೂ ಎರಡನೆಯದನ್ನು ‘ಮರಳಿಸು’ ಎಂದೂ ಹೇಳಿದರೆ ಗೊಂದಲ ಹುಟ್ಟುವುದಕ್ಕೇ ಎಡೆಯಿಲ್ಲ. ‘ಮುಗಿಯಲಿ’ ಎಂಬಲ್ಲಿ ಕ್ರಮವಿಧಿಗೆ ಸ್ವಾತಂತ್ರ್ಯವಿದೆ. ‘ಮರಳಿಸು’ ಎಂಬಲ್ಲಿ ಬಲವಂತವಿದೆ. ಇಲ್ಲಿ ಗಮನಾರ್ಹವಾದ ಒಂದು ಸಂಗತಿಯಿದೆ. ‘ರಿಟರ್ನ್’ ಆದೇಶ ಕೊಟ್ಟಾಗ ಜಿಡಿಬಿಯು ಖಚಿತಪಡಿಸಿಕೊಳ್ಳಲು ಒಂದು ಪ್ರಶ್ನೆ ಕೇಳುತ್ತದೆ. ಆ ಪ್ರಶ್ನೆಯಲ್ಲಿ ‘ಮೇಕ್’ ಎಂಬ ಪ್ರೇರಣಾರ್ಥಕ ಕ್ರಿಯೆ ಬರುತ್ತದೆ: ಇಂಥ ಫಂಕ್ಷನ್ ಈಗಲೇ ಮರಳುವಂತೆ ಮಾಡಲೇ ಎಂದು ಅದರ ಭಾವ. ಆದೇಶದ ಹೆಸರಿನಲ್ಲಿ ಹೇಳಲಾಗದ ಪ್ರೇರಣಾರ್ಥವನ್ನು ಅದನ್ನು ರೂಪಿಸಿದವರು ಪ್ರಶ್ನೆಯಲ್ಲಿ ಹೇಳಬೇಕಾಗಿ ಬಂದಿದೆ. ಕನ್ನಡದ ಪ್ರತ್ಯಯ ಆ ಕೆಲಸವನ್ನು ಹೆಸರಿನಲ್ಲಿಯೇ ಮುಗಿಸುತ್ತದೆ.

‘ಸ್ಟೆಪ್’ ಮತ್ತು ‘ನೆಕ್ಸ್ಟ್’ ಎಂಬ ಜೋಡಿಯೂ ಇಂಥದೇ. ಎರಡೂ ಮುಂದಿನ ಸಾಲಿಗೆ ಒಯ್ಯುತ್ತವೆ. ಆ ಸಾಲಿನಲ್ಲಿ ಬೇರೊಂದು ಫಂಕ್ಷನ್ನಿನ ಕರೆಯಿದ್ದರೆ ‘ಸ್ಟೆಪ್’ ಅದರ ಒಳಹೊಗುತ್ತದೆ, ‘ನೆಕ್ಸ್ಟ್’ ಒಳಹೊಗದೆ ಮುಂದೆ ಸಾಗುತ್ತದೆ. ಹೆಸರುಗಳು ಈ ಭೇದವನ್ನು ಸ್ವಲ್ಪವೂ ಸೂಚಿಸುವುದಿಲ್ಲ. ಬಾಯಿಪಾಠ ಮಾಡದೆ ಗತಿಯಿಲ್ಲ. ‘ಒಳಹೋಗು’, ‘ದಾಟು’ ಎಂಬ ಎರಡು ಕನ್ನಡ ಧಾತುಗಳು ಅರ್ಥವನ್ನು ತಾವೇ ಹೇಳುತ್ತವೆ. ತೋಡು ದಾಟುವವನು ತೋಡಿಗೆ ಇಳಿಯುವುದಿಲ್ಲವೆಂಬುದು ಕರಾವಳಿಯ ಮಕ್ಕಳಿಗೆ ವಿವರಿಸಬೇಕಾದ ವಿಷಯವಲ್ಲ.

ಆದೇಶದ ಕಾಲಾವಧಿಯ ದೃಷ್ಟಿಯಿಂದಲೂ ಕನ್ನಡದ ಕ್ರಿಯಾರೂಪಗಳು ಉಪಯುಕ್ತವಾಗಿವೆ. ಐದು ವಿಷಯಗಳ ಅಂಕಗಳನ್ನು ಕೂಡಿಸುವ ಒಂದು ಕ್ರಮವಿಧಿಯನ್ನು ಊಹಿಸಿಕೊಳ್ಳಬಹುದು. ಸಿ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಐದು ಅಂಕಗಳ ಸ್ಥಾನಸಂಖ್ಯೆ 0ರಿಂದ 4ರವರೆಗೆ. ವಿದ್ಯಾರ್ಥಿಯು ಆವರ್ತನದ ನಿಬಂಧನೆಯಲ್ಲಿ ‘5ಕ್ಕಿಂತ ಕಡಿಮೆ’ ಎಂದು ಬರೆಯುವ ಬದಲು ‘5 ಅಥವಾ ಕಡಿಮೆ’ ಎಂದು ಬರೆದಿದ್ದಾನೆ. ಫಲವಾಗಿ ಇಲ್ಲದ ಆರನೆಯ ಅಂಕವೂ ಮೊತ್ತಕ್ಕೆ ಸೇರಿ ಉತ್ತರ ಕೆಡುತ್ತದೆ. ದೋಷ ಕಾಣಬೇಕಾದರೆ ಪ್ರತಿ ಸುತ್ತಿನಲ್ಲಿಯೂ ಸ್ಥಾನಸಂಖ್ಯೆಯ ಬೆಲೆಯನ್ನು ನೋಡಬೇಕು. ಜಿಡಿಬಿಯ ‘ಪ್ರಿಂಟ್’ ಬೆಲೆಯನ್ನು ಒಂದು ಸಲ ತೋರಿಸಿ ಸುಮ್ಮನಾಗುತ್ತದೆ. ‘ಡಿಸ್‌ಪ್ಲೇ’ ಕ್ರಮವಿಧಿ ನಿಂತಾಗಲೆಲ್ಲ ತೋರಿಸುತ್ತದೆ. ಇಂಗ್ಲಿಷಿನಲ್ಲಿಯೂ ಈ ಎರಡು ಪದಗಳಿಗೆ ಇಂಥ ಭೇದವಿಲ್ಲ. ಅದು ತಂತ್ರಾಂಶದವರು ಹೇರಿದ ಭೇದ. ಕನ್ನಡದಲ್ಲಿ ‘ತೋರಿಸು’, ‘ತೋರಿಸುತ್ತಿರು’ ಎಂದರೆ ಅಕ್ಷರಜ್ಞಾನವಿಲ್ಲದವರಿಗೂ ಭೇದ ತಿಳಿಯುತ್ತದೆ. ಚರದ ಬೆಲೆ ಬದಲಾದಾಗ ನಿಲ್ಲಿಸುವ ‘ವಾಚ್’ ಆದೇಶಕ್ಕೆ ‘ಕಾಯುತ್ತಿರು’ ಎಂಬುದೂ, ಒಮ್ಮೆ ನಿಲ್ಲಿಸಿದೊಡನೆ ತಾನೇ ಅಳಿದುಹೋಗುವ ‘ಟಿಬ್ರೇಕ್’ ಆದೇಶಕ್ಕೆ ‘ಒಮ್ಮೆ ನಿಲ್ಲಿಸು’ ಎಂಬುದೂ ಇದೇ ದಾರಿಯಲ್ಲಿ ಒದಗುತ್ತವೆ.

ಗೌರವದ ಪ್ರಶ್ನೆಯನ್ನೂ ಇಲ್ಲಿಯೇ ಹೇಳಿ ಮುಗಿಸಬಹುದು. ಕನ್ನಡಕ್ಕೆ ತಂದ ತಂತ್ರಾಂಶಗಳಲ್ಲಿ ‘ಉಳಿಸು’, ‘ಉಳಿಸಿ’ ಎಂಬ ಎರಡು ಬಗೆಯೂ ಕಾಣಸಿಗುತ್ತವೆ. ಮನುಷ್ಯನು ಯಂತ್ರಕ್ಕೆ ಹೇಳುವಾಗ ಏಕವಚನ, ಯಂತ್ರವು ಮನುಷ್ಯನಿಗೆ ಹೇಳುವಾಗ ಬಹುವಚನ ಎಂಬ ನಿಯಮವನ್ನು ಇಟ್ಟುಕೊಂಡರೆ ಮಾತು ಯಾರದೆಂಬುದು ಕ್ರಿಯಾಪದದಿಂದಲೇ ತಿಳಿಯುತ್ತದೆ. ತುಳುವಿನಲ್ಲಿಯೂ ‘ತೂಲ’, ‘ತೂಲೆ’ ಎಂಬ ಭೇದವಿರುವುದರಿಂದ ಮಂಗಳೂರಿನ ತುಳು ವಿದ್ಯಾರ್ಥಿಗೆ ಇದು ಹೊಸದಲ್ಲ. ಇಲ್ಲಿ ಕನ್ನಡವು ಬಹುಮಂದಿಗೆ ಮನೆಮಾತಲ್ಲ. ತುಳು, ಕೊಂಕಣಿ, ಬ್ಯಾರಿ ಮನೆಗಳ ಮಕ್ಕಳು ಶಾಲೆಯಲ್ಲಿ ಕಲಿತ ಕನ್ನಡವನ್ನೇ ಆಡುತ್ತಾರೆ. ಕರಾವಳಿಯವರ ಕನ್ನಡ ಗ್ರಂಥಸ್ಥವೆಂದು ಘಟ್ಟದ ಮೇಲಿನವರು ಹಾಸ್ಯ ಮಾಡುವುದುಂಟು. ಪೂರ್ಣರೂಪದ ‘ನಿಲ್ಲಿಸು’, ‘ತೋರಿಸುತ್ತಿರು’ಗಳಿಗೆ ಅಂಥ ಕನ್ನಡವೇ ಅನುಕೂಲ.

ಸ್ಥಳ ಮೊದಲೋ, ಕ್ರಿಯೆ ಮೊದಲೋ?

ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದೇಶಸಾಲಿನಲ್ಲಿ ಮೊದಲು ಬರುತ್ತದೆ. ಇದರಿಂದ ಆದೇಶಸಾಲು ಸ್ವಭಾವತಃ ಇಂಗ್ಲಿಷಿನದು, ಕನ್ನಡಕ್ಕೆ ಒಗ್ಗದು ಎಂದು ತೀರ್ಮಾನಿಸುವುದು ಅವಸರವಾದೀತು. ಡಿಬಗರುಗಳ ಇತಿಹಾಸ ಬೇರೆಯೇ ಹೇಳುತ್ತದೆ. 1979ರ ಯುನಿಕ್ಸ್ ಏಳನೆಯ ಆವೃತ್ತಿಯಲ್ಲಿದ್ದ ಎಡಿಬಿ ಎಂಬ ಡಿಬಗರಿನಲ್ಲಿ ಮೊದಲು ವಿಳಾಸ, ಅನಂತರ ಕ್ರಿಯೆ. ಮೇನ್ ಎಂಬ ಫಂಕ್ಷನ್ನಿನಲ್ಲಿ ನಿಲ್ಲಿಸಬೇಕಾದರೆ ‘ಮೇನ್’ ಎಂದು ಬರೆದು, ಆಮೇಲೆ ವಿಸರ್ಗದಂತಹ ಎರಡು ಚುಕ್ಕೆಯನ್ನೂ ‘ಬಿ’ ಅಕ್ಷರವನ್ನೂ ಬರೆಯಬೇಕಾಗಿತ್ತು. ‘ಮೇನ್‌ನಲ್ಲಿ ನಿಲ್ಲಿಸು’ ಎಂಬ ಕನ್ನಡದ ಕ್ರಮವೇ ಇದು. ಕರಡು ತಿದ್ದುವವನ ಕ್ರಮವೂ ಇದೇ. ಬರ್ಕ್‌ಲಿಯಲ್ಲಿ 1980ರ ದಶಕದ ಆರಂಭದಲ್ಲಿ ರೂಪುಗೊಂಡ ಡಿಬಿಎಕ್ಸ್ ಇದನ್ನು ಬಿಟ್ಟು ‘ಸ್ಟಾಪ್ ಇನ್ ಮೇನ್’, ‘ಸ್ಟಾಪ್ ಅಟ್ 12’ ಎಂಬ ಇಂಗ್ಲಿಷ್ ವಾಕ್ಯದ ಕ್ರಮವನ್ನು ಹಿಡಿಯಿತು. ಜಿಡಿಬಿಯು ‘ಇನ್’, ‘ಅಟ್’ಗಳನ್ನು ಕೈಬಿಟ್ಟು ‘ಬ್ರೇಕ್ ಮೇನ್’, ‘ಬ್ರೇಕ್ 12’ ಎಂದಿತು. 2010ರಲ್ಲಿ ಹೊರಬಂದ ಎಲ್‌ಎಲ್‌ಡಿಬಿಯಲ್ಲಿ ನಾಮಪದ ಮತ್ತೆ ಮುಂದೆ ಬಂದಿದೆ: ‘ಬ್ರೇಕ್‌ಪಾಯಿಂಟ್ ಸೆಟ್’, ‘ಥ್ರೆಡ್ ಬ್ಯಾಕ್‌ಟ್ರೇಸ್’. ಮೊದಲು ವಸ್ತು, ಅನಂತರ ಕ್ರಿಯೆ ಎಂಬುದನ್ನು ಅದರ ಕೈಪಿಡಿ ನಿಯಮವೆಂದೇ ಹೇಳುತ್ತದೆ. ಆದರೂ ವಿವರಗಳು ಅಲ್ಲಿಯೂ ಕ್ರಿಯೆಯ ಬಳಿಕವೇ ಬರುವುದರಿಂದ ಅದು ಅರೆಗನ್ನಡದ ಕ್ರಮ.

ಪದಕ್ರಮಕ್ಕಿಂತ ಮುಖ್ಯವಾದುದು ವಿಭಕ್ತಿ. ಆವರ್ತನದ ಸಾಲು 12 ಆಗಿದ್ದು, ಸ್ಥಾನಸಂಖ್ಯೆ 5 ಆದಾಗ ಮಾತ್ರ ನಿಲ್ಲಿಸಬೇಕಾದರೆ ಜಿಡಿಬಿಯಲ್ಲಿ ‘ಬ್ರೇಕ್ 12’ ಎಂದು ಬರೆದು ‘ಇಫ್’ ಎಂಬ ಪದದ ಮುಂದೆ ನಿಬಂಧನೆ ಬರೆಯಬೇಕು. ಇಲ್ಲಿ ಕ್ರಮ ತಪ್ಪಿದರೆ ಆದೇಶವೇ ತಪ್ಪು. ‘ಐ 5 ಆದರೆ 12ರಲ್ಲಿ ನಿಲ್ಲಿಸು’, ‘12ರಲ್ಲಿ ಐ 5 ಆದರೆ ನಿಲ್ಲಿಸು’ ಎಂಬ ಎರಡು ಕನ್ನಡ ವಾಕ್ಯಗಳು ಮಾತ್ರ ಸಮಾನಾರ್ಥಕ. ‘ಅಲ್ಲಿ’, ‘ಆದರೆ’ ಎಂಬ ಅಂಟುರೂಪಗಳು ಪ್ರತಿಯೊಂದು ಪದದ ಪಾತ್ರವನ್ನು ಅದರ ಬೆನ್ನ ಮೇಲೆಯೇ ಬರೆದಿರುವುದರಿಂದ ಪದಗಳು ಸ್ಥಳ ಬದಲಿಸಿದರೂ ಅರ್ಥ ಕೆಡುವುದಿಲ್ಲ. ‘10ರಿಂದ 20ರವರೆಗೆ ತೋರಿಸು’ ಎಂಬಂತಹ ಆದೇಶದಲ್ಲಿ ಈ ಅನುಕೂಲ ಇನ್ನೂ ಸ್ಪಷ್ಟ. ಮರೆವಿನಿಂದಾಗುವ ತಪ್ಪನ್ನು ತಡೆಯುವ ಸಾಮರ್ಥ್ಯ ಭಾಷೆಯಲ್ಲಿಯೇ ಇರುವಾಗ ಆದೇಶದ ವಿನ್ಯಾಸಕಾರರು ಅದನ್ನು ಬಳಸಿಕೊಳ್ಳದಿರುವುದು ನಷ್ಟ.

ಹ್ರಸ್ವರೂಪದ ತೊಡಕು

ಮೇಲಿನ ವಿವೇಚನೆಯಿಂದ ಆದೇಶಗಳನ್ನು ಕನ್ನಡಕ್ಕೆ ತಿರುಗಿಸಿಬಿಟ್ಟರೆ ಸಮಸ್ಯೆ ಪರಿಹಾರವಾಯಿತೆಂದು ಭಾವಿಸಲಾಗದು. ನಿಜವಾದ ಕಷ್ಟ ಹ್ರಸ್ವರೂಪಗಳಲ್ಲಿದೆ. ಡಿಬಗರಿನಲ್ಲಿ ಒಂದೇ ಆದೇಶವನ್ನು ನೂರಾರು ಸಲ ಕೊಡಬೇಕಾಗುತ್ತದೆ. ಆದ್ದರಿಂದ ಜಿಡಿಬಿಯು ಬೇರೆ ಆದೇಶದೊಡನೆ ಗೊಂದಲವಾಗದಷ್ಟು ಮೊದಲಕ್ಷರಗಳನ್ನು ಬರೆದರೆ ಸಾಕೆನ್ನುತ್ತದೆ. ಹೆಚ್ಚು ಬಳಕೆಯ ಕೆಲವಕ್ಕೆ ಒಂದೇ ಅಕ್ಷರವನ್ನು ಮೀಸಲಿಟ್ಟಿದೆ: ‘ಎಸ್’ ಎಂದು ಆರಂಭವಾಗುವ ಆದೇಶಗಳು ಹಲವಿದ್ದರೂ ಒಂಟಿ ‘ಎಸ್’ ಎಂದರೆ ‘ಸ್ಟೆಪ್’ ಎಂದೇ. ಏನನ್ನೂ ಬರೆಯದೆ ಎಂಟರ್ ಕೀಲಿ ಒತ್ತಿದರೆ ಹಿಂದಿನ ಆದೇಶವೇ ಮರುಕಳಿಸುತ್ತದೆ. ಕಥೆ ಕೇಳುವ ಮಗು ‘ಹೂಂ’ ಎಂದರೆ ಅಜ್ಜಿ ಕಥೆ ಮುಂದುವರಿಸಿದಂತೆ ಇದು. ಆದರೆ ‘ರನ್’ ಆದೇಶ ಮಾತ್ರ ಹೀಗೆ ಮರುಕಳಿಸುವುದಿಲ್ಲ. ಮೈಮರೆತು ಒತ್ತಿದ ಒಂದು ಕೀಲಿಯಿಂದ ಇಡೀ ಶೋಧ ಮೊದಲಿನಿಂದ ಆರಂಭವಾಗಬಾರದೆಂಬ ವಿವೇಕ ಅದರಲ್ಲಿದೆ.

ಮೊದಲಕ್ಷರಗಳಿಂದ ಮೊಟಕುಗೊಳಿಸುವ ಈ ಪದ್ಧತಿ ಪದಗಳು ಆರಂಭದಲ್ಲಿಯೇ ಭಿನ್ನವಾಗಿರುತ್ತವೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಕನ್ನಡದ ಕ್ರಿಯಾಪದಗಳು ಕೊನೆಯಲ್ಲಿ ಭಿನ್ನವಾಗುತ್ತವೆ. ‘ತೋರಿಸು’, ‘ತೋರಿಸುತ್ತಿರು’, ‘ತೋರಿಸಬೇಡ’ ಎಂಬ ಮೂರು ಆದೇಶಗಳಿಗೂ ಮೊದಲ ಎರಡು ಅಕ್ಷರಗಳು ಸಮಾನ. ನಿಷೇಧವಂತೂ ತೀರಾ ಕೊನೆಗೆ ಬರುತ್ತದೆ. ‘ತೋರಿ’ ಎಂದು ಮೊಟಕುಗೊಳಿಸಿದರೆ ವಿಧಿಯೂ ನಿಷೇಧವೂ ಒಂದೇ ಆಗುತ್ತವೆ. ಯಾವ ಪ್ರತ್ಯಯಗಳನ್ನು ಕನ್ನಡದ ಬಲವೆಂದು ಹೇಳಲಾಯಿತೋ ಅವೇ ಇಲ್ಲಿ ತೊಡಕಾಗುತ್ತವೆ.

ಎರಡನೆಯ ತೊಡಕು ಅಕ್ಷರದ ಕಲ್ಪನೆಯದು. ‘ನಿಲ್ಲಿಸು’ ಎಂಬ ಪದದಲ್ಲಿ ಓದುಗನಿಗೆ ಕಾಣುವುದು ನಿ, ಲ್ಲಿ, ಸು ಎಂಬ ಮೂರು ಅಕ್ಷರಗಳು. ಯೂನಿಕೋಡ್ ಸಂಕೇತಗಳ ಲೆಕ್ಕದಲ್ಲಿ ಅವು 8. ಯುಟಿಎಫ್-8 ರೂಪದಲ್ಲಿ 24 ಬೈಟುಗಳು. ಕೆ. ಪಿ. ರಾವ್ ವಿನ್ಯಾಸದಲ್ಲಿ ಎನ್, ಐ, ಎಲ್, ಎಫ್, ಎಲ್, ಐ, ಎಸ್, ಯು ಎಂದು 8 ಕೀಲಿಗಳನ್ನು ಒತ್ತಬೇಕು. ಇಂಗ್ಲಿಷಿನ ‘ಬ್ರೇಕ್’ಗೆ 5, ಅದರ ಹ್ರಸ್ವರೂಪಕ್ಕೆ ಒಂದೇ ಕೀಲಿ. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, ಸಂಕೇತಗಳನ್ನು ಹೋಲಿಸುವ ತಂತ್ರಾಂಶದ ದೃಷ್ಟಿಯಲ್ಲಿ ‘ನ’ ಎಂಬುದು ‘ನಿಲ್ಲಿಸು’, ‘ನೋಡು’, ‘ನಡೆಸು’ ಎಂಬ ಮೂರಕ್ಕೂ ಮೊದಲ ಭಾಗ. ಕನ್ನಡ ಓದುಗನಿಗೆ ‘ನ’ ಮತ್ತು ‘ನಿ’ ಬೇರೆ ಬೇರೆ ಅಕ್ಷರಗಳು. ‘ನ’ ಎಂದರೆ ಅವನ ಮನಸ್ಸಿಗೆ ‘ನಡೆಸು’ ಬರಬಹುದೇ ಹೊರತು ‘ನಿಲ್ಲಿಸು’ ಬಾರದು. ಹ್ರಸ್ವರೂಪವನ್ನು ಸಂಕೇತದ ಮಟ್ಟದಲ್ಲಿ ಅಲ್ಲ, ಅಕ್ಷರದ ಮಟ್ಟದಲ್ಲಿ ಹೋಲಿಸಬೇಕು. ಹಾಗೆ ಮಾಡಿದಾಗ ಕನ್ನಡಕ್ಕೆ ಒಂದು ಅನುಕೂಲವೂ ದೊರೆಯುತ್ತದೆ. ಇಂಗ್ಲಿಷಿನಲ್ಲಿ ಒಂದಕ್ಷರದ ಹ್ರಸ್ವರೂಪಗಳು 26ಕ್ಕೆ ಮುಗಿದುಹೋಗುತ್ತವೆ. ಕನ್ನಡದ ಗುಣಿತಾಕ್ಷರಗಳು ಅದಕ್ಕಿಂತ ಎಷ್ಟೋ ಹೆಚ್ಚು. ‘ನಿ’ ನಿಲ್ಲಿಸಲಿಕ್ಕೆ, ‘ತೋ’ ತೋರಿಸಲಿಕ್ಕೆ, ‘ದಾ’ ದಾಟಲಿಕ್ಕೆ, ‘ಮು’ ಮುಗಿಯಲಿಕ್ಕೆ ಎಂದು ಗೊತ್ತುಪಡಿಸಿ, ತೋರಿಸುತ್ತಿರು ಎಂಬುದಕ್ಕೆ ಆದ್ಯಂತಗಳನ್ನು ಕೂಡಿಸಿದ ‘ತೋರು’ ಎಂಬಂತಹ ರೂಪವನ್ನು ಕೊಡಬಹುದು.

ಒಂದಕ್ಷರದ ಆದೇಶಗಳಿಗೆ ಇನ್ನೊಂದು ಅಪಾಯವೂ ಇದೆ. ಪಠ್ಯಪುಸ್ತಕದ ಕ್ರಮವಿಧಿಗಳಲ್ಲಿ ಎಣಿಕೆಯ ಚರಕ್ಕೆ ‘ಎನ್’ ಎಂದು ಹೆಸರಿಡುವುದು ರೂಢಿ. ಪಿಡಿಬಿಯಲ್ಲಿ ಆ ಚರದ ಬೆಲೆ ನೋಡಲು ಬರಿಯ ‘ಎನ್’ ಒತ್ತಿದರೆ ಅದು ‘ನೆಕ್ಸ್ಟ್’ ಎಂಬ ಆದೇಶವಾಗಿ ಕ್ರಮವಿಧಿ ಒಂದು ಸಾಲು ಮುಂದೆ ಹೋಗಿಬಿಡುತ್ತದೆ. ನೋಡಬೇಕೆಂದವನು ಅರಿಯದೆಯೇ ನಡೆಸಿರುತ್ತಾನೆ. ಆದೇಶಗಳು ಕನ್ನಡ ಲಿಪಿಯಲ್ಲಿದ್ದು ಚರಗಳು ರೋಮನ್ ಲಿಪಿಯಲ್ಲಿದ್ದರೆ ಇಂತಹ ಘರ್ಷಣೆ ಸಂಭವಿಸಲಾರದು. ಆದರೆ ಆಗ ಪ್ರತಿ ಸಾಲಿನಲ್ಲಿಯೂ ಕೀಲಿಮಣೆಯನ್ನು ಎರಡು ಸಲ ಬದಲಿಸಬೇಕಾಗುತ್ತದೆ. ಒಂದು ಗಂಟೆಯ ಕೆಲಸದಲ್ಲಿ ಇದು ಸಣ್ಣ ಕಿರಿಕಿರಿಯಲ್ಲ. ಯು. ಬಿ. ಪವನಜ ಅವರು ಸಿದ್ಧಪಡಿಸಿದ ಕನ್ನಡ ಲೋಗೋ ತಂತ್ರಾಂಶವು ಮಕ್ಕಳು ಕನ್ನಡದಲ್ಲಿಯೇ ಆದೇಶ ಕೊಡಬಲ್ಲರೆಂಬುದನ್ನು ತೋರಿಸಿಕೊಟ್ಟಿದೆ. ಅಲ್ಲಿ ಆಮೆಗೆ ಹೇಳುವ ಮಾತಿನ ಜೊತೆಗೆ ಬರುವುದು ಬಹುಪಾಲು ಅಂಕೆಗಳೇ. ಬೇರೊಬ್ಬರು ಇಂಗ್ಲಿಷಿನಲ್ಲಿ ಬರೆದ ಕ್ರಮವಿಧಿಯ ಹೆಸರುಗಳಲ್ಲ. ಡಿಬಗರಿನ ಸ್ಥಿತಿ ಬೇರೆ.

ಯಂತ್ರದ ಮರುಮಾತು

ಆದ್ದರಿಂದ ಆದೇಶದ ಲಿಪಿಗಿಂತ ಮೊದಲು ಕನ್ನಡವಾಗಬೇಕಾದದ್ದು ಡಿಬಗರಿನ ಉತ್ತರ. ಆದೇಶಗಳು ಇಪ್ಪತ್ತೋ ಮೂವತ್ತೋ. ಕಲಿತರೆ ಕೈಗೆ ಹತ್ತುತ್ತವೆ. ಉತ್ತರಗಳಾದರೋ ಪ್ರತಿ ಸಲವೂ ಓದಿ ಅರ್ಥಮಾಡಿಕೊಳ್ಳಬೇಕಾದವು. ಇಲ್ಲದ ಆದೇಶವನ್ನು ಬರೆದರೆ ಜಿಡಿಬಿಯು ಅಂಥ ಆದೇಶವಿಲ್ಲ, ‘ಹೆಲ್ಪ್’ ಎಂದು ಪ್ರಯತ್ನಿಸಿ ಎನ್ನುತ್ತದೆ. ಸಂದಿಗ್ಧವಾದ ಹ್ರಸ್ವರೂಪ ಬರೆದರೆ ಮಾತ್ರ ಸಂಭಾವ್ಯ ಆದೇಶಗಳನ್ನೆಲ್ಲ ಪಟ್ಟಿಮಾಡುತ್ತದೆ. ಅರ್ಧ ಬರೆದವನಿಗೆ ಸಿಗುವ ನೆರವು ಒಂದಕ್ಷರ ತಪ್ಪಿ ಬರೆದವನಿಗೆ ಸಿಗುವುದಿಲ್ಲವೆಂಬುದು ವಿಚಿತ್ರ. ನೆರವು ಹೆಚ್ಚು ಬೇಕಾದವನು ಎರಡನೆಯವನು.

ಹಾಗೆಯೇ, ಬೇರೆ ಫಂಕ್ಷನ್ನಿನಲ್ಲಿರುವ ಚರದ ಬೆಲೆಯನ್ನು ಕೇಳಿದಾಗ ಬರುವ ಉತ್ತರವನ್ನು ಪದಶಃ ತಿರುಗಿಸಿದರೆ ‘ಪ್ರಸಕ್ತ ಸಂದರ್ಭದಲ್ಲಿ ಮೊತ್ತ ಎಂಬ ಸಂಕೇತವಿಲ್ಲ’ ಎಂದಾಗುತ್ತದೆ. ವ್ಯಾಕರಣ ಸರಿಯಿದೆ, ಉಪಯೋಗವಿಲ್ಲ. ಯಾವ ಸಂದರ್ಭ, ಯಾವ ಸಂಕೇತ? ‘ಕ್ರಮವಿಧಿಯು ಈಗ ಸರಾಸರಿ ಎಂಬ ಫಂಕ್ಷನ್ನಿನಲ್ಲಿ ನಿಂತಿದೆ. ಇಲ್ಲಿ ಮೊತ್ತ ಎಂಬ ಚರವಿಲ್ಲ. ಕರೆದ ಫಂಕ್ಷನ್ನಿನಲ್ಲಿ ನೋಡಲು ಮೇಲೆ ಹೋಗಿರಿ’ ಎಂದರೆ ವಿದ್ಯಾರ್ಥಿಗೆ ಮುಂದಿನ ಹೆಜ್ಜೆ ತಿಳಿಯುತ್ತದೆ. ಇಂತಹ ವಾಕ್ಯವನ್ನು ಬರೆಯಲು ಅನುವಾದಕನಿಗೆ ಇಂಗ್ಲಿಷ್ ಬಂದರೆ ಸಾಲದು. ಡಿಬಗರಿನಲ್ಲಿ ತಪ್ಪು ಹುಡುಕಿ ಗೊತ್ತಿರಬೇಕು. ಕನ್ನಡ ವಿಭಾಗಗಳೂ ಗಣಕವಿಜ್ಞಾನ ವಿಭಾಗಗಳೂ ಒಂದೇ ಆವರಣದಲ್ಲಿದ್ದು ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿಯದಿರುವ ಸ್ಥಿತಿಯಲ್ಲಿ ಈ ಕೆಲಸ ಯಾರಿಂದಲೂ ಆಗುತ್ತಿಲ್ಲ.

ಆರಂಭಕ್ಕೆ ದೊಡ್ಡ ಯೋಜನೆಯೇನೂ ಬೇಕಾಗಿಲ್ಲ. ಜಿಡಿಬಿಯಲ್ಲಿ ‘ಡಿಫೈನ್’ ಎಂಬ ಆದೇಶದಿಂದ ಬಳಸುವವನು ತನ್ನದೇ ಆದೇಶವನ್ನು ರಚಿಸಿಕೊಳ್ಳಬಹುದು. ‘ಡಾಕ್ಯುಮೆಂಟ್’ ಎಂಬುದರಿಂದ ಅದಕ್ಕೆ ವಿವರಣೆ ಬರೆಯಬಹುದು. ಇವನ್ನು ಒಂದು ಕಡತದಲ್ಲಿ ಬರೆದಿಟ್ಟರೆ ಡಿಬಗರ್ ಆರಂಭವಾದಾಗಲೆಲ್ಲ ತಾನಾಗಿ ಓದಿಕೊಳ್ಳುತ್ತದೆ. ಆದೇಶದ ಹೆಸರನ್ನು ರೋಮನ್ ಅಕ್ಷರಗಳಲ್ಲಿ ಬರೆದ ಕನ್ನಡದಲ್ಲಿ ಇಟ್ಟು, ವಿವರಣೆಯನ್ನು ಕನ್ನಡ ಲಿಪಿಯಲ್ಲಿ ಬರೆದರೆ ಕೀಲಿಮಣೆ ಬದಲಿಸುವ ತೊಂದರೆ ತಪ್ಪುತ್ತದೆ. ‘ಮುಗಿಯಲಿ’, ‘ಮರಳಿಸು’, ‘ದಾಟು’ಗಳ ಅರ್ಥಭೇದವೂ ಉಳಿಯುತ್ತದೆ. ಒಬ್ಬ ಅಧ್ಯಾಪಕ ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸಬಹುದಾದ ಕೆಲಸವಿದು. ಮೂಲ ಹೆಸರುಗಳನ್ನೂ ಜೊತೆಗೆ ಹೇಳಿಕೊಡಬೇಕಾದುದು ಅಗತ್ಯ. ಉದ್ಯೋಗಕ್ಕೆ ಹೋದಲ್ಲಿ ಆ ಕಡತ ಇರುವುದಿಲ್ಲ.

ಉಳಿಯುವುದು ಪರದೆಯ ಸಮಸ್ಯೆ. ಆದೇಶಸಾಲಿನ ಪರದೆಯು ಪ್ರತಿ ಅಕ್ಷರಕ್ಕೂ ಸಮಾನ ಅಗಲದ ಮನೆಗಳನ್ನು ಕಲ್ಪಿಸಿಕೊಂಡು ರಚಿತವಾದುದು. ಹಳೆಯ ಅಚ್ಚಿನ ಮನೆಯಲ್ಲಿ ‘ಕ್ಷ್ಮೀ’ಗೂ ‘ರ’ಕ್ಕೂ ಬೇರೆ ಬೇರೆ ಅಗಲದ ಮೊಳೆಗಳಿದ್ದವು. ಈ ಪರದೆಯಲ್ಲಿ ಆ ಸೌಲಭ್ಯವಿಲ್ಲದ ಕಾರಣ ಒತ್ತಕ್ಷರಗಳು ಒಂದರ ಮೇಲೊಂದು ಬೀಳುತ್ತವೆ, ಇಲ್ಲವೇ ಬಿಡಿಬಿಡಿಯಾಗಿ ಚೆದುರುತ್ತವೆ. ದೋಷವಿರುವ ಸ್ಥಳವನ್ನು ತೋರಿಸಲು ಕೆಳಗಿನ ಸಾಲಿನಲ್ಲಿ ಹಾಕುವ ಬಾಣದ ಗುರುತು ಕನ್ನಡ ಅಕ್ಷರಗಳಿರುವ ಸಾಲಿನಲ್ಲಿ ಎರಡು ಮೂರು ಮನೆಗಳಷ್ಟು ಆಚೆ ಹೋಗಿ ನಿಲ್ಲುವುದುಂಟು. ಅಳಿಸುವ ಕೀಲಿ ಒತ್ತಿದಾಗ ಹೋಗಬೇಕಾದದ್ದು ‘ಲ್ಲಿ’ ಎಂಬ ಇಡೀ ಅಕ್ಷರವೋ ಗುಣಿತದ ಚಿಹ್ನೆ ಮಾತ್ರವೋ ಎಂಬ ವಿಷಯದಲ್ಲಿ ತಂತ್ರಾಂಶಗಳು ಒಂದೇ ರೀತಿ ವರ್ತಿಸುವುದಿಲ್ಲ. ಅಕ್ಷರದ ಅಗಲವನ್ನು ಸಂಕೇತಗಳ ಎಣಿಕೆಯಿಂದಲ್ಲದೆ ಮೂಡಿದ ರೂಪದಿಂದ ಅಳೆಯುವ ಪರದೆ ಸಿದ್ಧವಾಗುವವರೆಗೆ, ಕನ್ನಡದ ವಿವರಣೆಗಳನ್ನು ಆದೇಶಸಾಲಿನ ಪಕ್ಕದ ಬೇರೊಂದು ಕಿಟಕಿಯಲ್ಲಿ ತೋರಿಸುವುದೇ ಸದ್ಯಕ್ಕೆ ಕಾರ್ಯಸಾಧ್ಯವಾದ ವ್ಯವಸ್ಥೆಯಾಗಿದೆ.